ಮಾಗಿ ಚಳಿಯಲ್ಲಿ ರಾತ್ರಿ ನೀರು ಕಟ್ಟೋದು: ನನ್ನ ಅನುಭವ

ಮದ್ದೂರು ಕಡೆ ನಮ್ಮದು ಒಂದೂವರೆ ಎಕರೆ ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರಿದ್ದು. ಪಂಪ್‌ಸೆಟ್ ಓಡಿಸೋ ತ್ರೀ ಫೇಸ್ ಕರೆಂಟು ನಮಗೆ ಬರೋದು ರಾತ್ರಿ ಹೊತ್ತು. ಡಿಸೆಂಬರ್ ಆಗಲಿ, ಜನವರಿ ಆಗಲಿ, ರಾತ್ರಿ 11ಕ್ಕೆ ಗುದ್ದಲಿ ಹಿಡಿದು ಹೊರಡಲೇಬೇಕು. ಚಳಿ 14–15 ಡಿಗ್ರಿ ಇರಬಹುದು. ಒಣ ಮೈಗೆ ಅದು ದೊಡ್ಡದಲ್ಲ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳೆಯುತ್ತೆ.

ಮೂರು ವರ್ಷದ ಹಿಂದೆ ಒಂದು ಬೆಳಗಿನ ಜಾವ ಮೋಟಾರ್ ನಿಲ್ಲಿಸಲು ಹೋದೆ. ಸ್ಟಾರ್ಟರ್‌ನ ಕೆಂಪು ಗುಂಡಿ ಕಣ್ಣ ಮುಂದೆ ಇದೆ, ಬೆರಳು ಮಾತು ಕೇಳುತ್ತಿಲ್ಲ. ಮುಷ್ಟಿಯಿಂದ ಗುದ್ದಿ ಆರಿಸಿದೆ. ಕೈ ಒದ್ದೆ, ಕಾಲ ಕೆಳಗೆ ನೆಲವೂ ಒದ್ದೆ. ಆಮೇಲೆ ನೆನೆಸಿಕೊಂಡು ಎದೆ ನಡುಗಿತು. ಜ್ವರ ಬಂದು ಆಸ್ಪತ್ರೆಗೆ 3,000 ಹೋಯಿತು.

ಮೊದಲು 1,800 ಕೊಟ್ಟು ದಪ್ಪ ಜರ್ಕಿನ್ ತಂದೆ. ದುಡ್ಡು ದಂಡ. ಕಬ್ಬಿನ ಗರಿ ಮೇಲಿನ ಇಬ್ಬನಿಗೇ ನೆಂದು, ಎರಡು ಗಂಟೆ ಹೊತ್ತಿಗೆ ಮೈ ಮೇಲೆ ಒದ್ದೆ ಮೂಟೆ ಹೊತ್ತ ಹಾಗಾಯಿತು.

ಆಮೇಲೆ ಪಂಪ್‌ಸೆಟ್ ಮನೆಯೊಳಗೆ ಬಾಣಲೆಯಲ್ಲಿ ಇದ್ದಿಲು ಕೆಂಡ ಮಾಡಿ, ಬಾಗಿಲು ಮುಚ್ಚಿಕೊಂಡು ಕೂತೆ. ಹಾಯಾಗಿತ್ತು. ಮುಕ್ಕಾಲು ಗಂಟೆಗೆ ತಲೆ ಸಿಡಿಯೋ ನೋವು, ಹೊಟ್ಟೆ ತೊಳಸು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡೆ. ನೀರು ಬೇರೆ ಸಾಲಿಗೆ ಬಿಡೋ ಮಡೆ ತಿರುಗಿಸೋಣ ಅಂತ ಎದ್ದು ಹೊರಗೆ ಬಂದಿದ್ದರಿಂದ ಬದುಕಿದೆ. ಅದು ಕಾರ್ಬನ್ ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ದಯವಿಟ್ಟು ಯಾರೂ ಮುಚ್ಚಿದ ಮನೆಯೊಳಗೆ ಕೆಂಡ ಇಡಬೇಡಿ. ಬೆಂಕಿ ಬೇಕಾದರೆ ಹೊರಗೆ ಹಾಕಿ, ತರಗಿನಿಂದ ದೂರ.

ಒಂದು ಪೆಗ್ ಹಾಕು ಅಂದವರೂ ಇದ್ದರು. ಅದು ಚರ್ಮ ಬೆಚ್ಚಗೆ ಮಾಡಿ ಒಳಗಿನ ಶಾಖ ಹೊರಗೆ ಕಳಿಸುತ್ತೆ. ನಾನು ಮುಟ್ಟಲಿಲ್ಲ.

ಕೊನೆಗೆ ಕೈ ಹಿಡಿದಿದ್ದು ಕಂಬಳಿ ಕೊಪ್ಪೆ, ಅಂದರೆ ಮಡಚಿ ತಲೆ ಮೇಲಿಂದ ಹೊದ್ದುಕೊಳ್ಳೋ ಕಂಬಳಿ. ಕೈಮಗ್ಗದ ಕುರಿ ಉಣ್ಣೆಯದು, ಸುಮಾರು 1,200. ಪಕ್ಕದ ಗದ್ದೆಯ ಅಣ್ಣ, "ಏನ್ಲಾ, ಕುರಿ ಕಾಯಕ್ಕೆ ಹೊಂಟಿದ್ದೀಯಾ?" ಅಂತ ನಕ್ಕರು. ಉಣ್ಣೆ ಸ್ವಲ್ಪ ನೆಂದರೂ ಬೆಚ್ಚಗೇ ಇರುತ್ತೆ, ಹತ್ತಿ ಹಾಗಲ್ಲ. ಈಗ ಅವರ ಮನೆಯಲ್ಲೂ ಎರಡು ಕಂಬಳಿ ಇವೆ.

ಜೊತೆಗೆ ಗಂಬೂಟು, 450 ಇರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್. ನೆಂದರೆ ಅಲ್ಲೇ ಬದಲಾಯಿಸುತ್ತೇನೆ, ಬೆಳಗಾಗಲಿ ಅಂತ ಕಾಯಲ್ಲ. ಕೈ ಒರೆಸಿಕೊಳ್ಳದೆ ಸ್ಟಾರ್ಟರ್ ಮುಟ್ಟಲ್ಲ. ಫ್ಲಾಸ್ಕಿನಲ್ಲಿ ಬಿಸಿ ರಾಗಿ ಅಂಬಲಿ.

ನನ್ನ ನಿಜವಾದ ಕೈಚಳಕ ಬೇರೆ. ನೀರು ಸಾಲಿನ ಕೊನೆ ಮುಟ್ಟಿತಾ ಅಂತ ಇಳಿದು ನೋಡೋದೇ ಬೇಡ. ಖಾಲಿ ಬಾಟಲಿ, ದಾರ, ಹಸುವಿನ ಕೊರಳ ಗಂಟೆ. ಬಾಟಲಿ ತೇಲಿದರೆ ಗಂಟೆ ಆಡುತ್ತೆ, ನಾನು ಬದುವಿನ ಮೇಲೇ ಇರುತ್ತೇನೆ. ನೀರಿಗೆ ಇಳಿಯೋದು ಅರ್ಧಕ್ಕಿಂತ ಕಡಿಮೆ ಆಯಿತು. ದಾರ ಎಲ್ಲಿ ಹಾಯಿಸಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೋದ ಮಾಗಿಯಲ್ಲಿ 18–20 ರಾತ್ರಿ ಕಟ್ಟಿದೆ, ಒಂದು ಸೀನೂ ಬರಲಿಲ್ಲ.

ಪಾದಕ್ಕೆ ಹರಳೆಣ್ಣೆ ಹಚ್ಚಿ ನೋಡಿದೆ, ಬೂಟಿನೊಳಗೆ ಜಾರಿತು ಅಷ್ಟೇ. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿದರೆ ಒಳಗೇ ಬೆವೆತು ಒದ್ದೆಯಾಯಿತು. ಈಗ ಹಳೆ ಕಂಬಳಿ ತುಂಡು ಕತ್ತರಿಸಿ ಬೂಟಿನ ತಳಕ್ಕೆ ಹಾಕಿದ್ದೇನೆ. ಎರಡು ರಾತ್ರಿ ಆಗಿದೆ, ಹೆಬ್ಬೆರಳು ಇನ್ನೂ ಬೆಚ್ಚಗಿದೆ.