ಐವತ್ತು ದಾಟಿದ ಫಿಯೆಟ್‌ಗೆ ಆರ್‌ಸಿ ಮಾಡಿಸಿದ್ದು

"ಐವತ್ತು ವರ್ಷ ಆದ ಕಾರಿಗೆ ಟ್ಯಾಕ್ಸೇ ಇಲ್ಲ ಅಲ್ವಾ ಮಾರಾಯ್ರೆ?"

ನಮ್ಮ 1968ರ ಫಿಯೆಟ್ 1100ನ್ನು ಉಡುಪಿಯಲ್ಲಿ ಎಲ್ಲಿ ನಿಲ್ಲಿಸಿದರೂ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಕೆಲವರ ಮನೆಯಲ್ಲೂ ಒಂದು ಹಳೇ ಕಾರು ಇರುತ್ತದೆ. ಅಂಗಳದ ಮೂಲೆಯಲ್ಲಿ, ಶೀಟಿನ ಕೆಳಗೆ, ನಾಲ್ಕು ಟಯರೂ ಕೂತು ಹೋಗಿರುತ್ತವೆ. ಅದಕ್ಕೆ 'ವಿಂಟೇಜ್' ಅಂತ ಬರೆಸಿಕೊಂಡರೆ ಖರ್ಚೆಲ್ಲ ಮಾಫ್ ಆಗುತ್ತದೆ ಎಂದು ಅವರ ಲೆಕ್ಕ. ಹಾಗಿಲ್ಲ. ಟ್ಯಾಕ್ಸ್ ಇದರಲ್ಲಿ ಸಣ್ಣ ವಿಷಯ. ಕಾರನ್ನು ಓಡಿಸಬೇಕಾ, ಬರೀ ತೋರಿಸಬೇಕಾ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಈ ಟ್ಯಾಕ್ಸ್ ಮಾಫಿಯ ಸುದ್ದಿ ಸುಮ್ನೆ ಹುಟ್ಟಿದ್ದಲ್ಲ, ಹೊರದೇಶದಲ್ಲಿರುವ ನೆಂಟರಿಂದ ಬಂದದ್ದು. ನನ್ನ ಚಿಕ್ಕಪ್ಪನ ಮಗ ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ. ಅಲ್ಲಿ ಮನೆಗೆ ತೆರಿಗೆ ಕಟ್ಟುವ ಹಾಗೆ ಕಾರಿಗೂ ಪ್ರತಿವರ್ಷ ಆಸ್ತಿ ತೆರಿಗೆ ಕಟ್ಟಬೇಕು. ಕಾರಿಗೆ 25 ವರ್ಷ ಆದರೆ ಆಂಟಿಕ್ ಪ್ಲೇಟ್ ಸಿಗುತ್ತದೆ. ಅಂಥ ಕಾರಿಗೆ ಹಲವು ಕಡೆ ಆ ತೆರಿಗೆ ಇಲ್ಲ, ಇಲ್ಲವೇ ತೀರಾ ಕಮ್ಮಿ. ಆದರೆ ಅದರಲ್ಲಿ ದಿನಾ ಆಫೀಸಿಗೆ ಹೋಗುವ ಹಾಗಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಗೆ, ಅಪರೂಪಕ್ಕೊಮ್ಮೆ ಒಂದು ಸುತ್ತಿಗೆ ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ಇನ್ನೂ ಸುಲಭ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಸೊನ್ನೆ. ದೊಡ್ಡ ಬದಲಾವಣೆ ಮಾಡಿಸಿರದಿದ್ದರೆ ವರ್ಷವರ್ಷದ ತಪಾಸಣೆಯೂ ಬೇಡ.

ನಮ್ಮಲ್ಲಿ ಕಾರಿಗೆ ಆಸ್ತಿ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಗೆ ವಿನಾಯಿತಿ ಎಲ್ಲಿಂದ ಬರಬೇಕು? ಕರ್ನಾಟಕದಲ್ಲಿ 15 ವರ್ಷ ದಾಟಿದ ಖಾಸಗಿ ಕಾರಿಗೆ ಕಟ್ಟುವ ಗ್ರೀನ್ ಟ್ಯಾಕ್ಸ್ ಐದು ವರ್ಷಕ್ಕೆ 500 ರೂಪಾಯಿ. ಅದನ್ನು ಉಳಿಸಲು ಯಾರೂ ಇಷ್ಟು ಓಡಾಡಬೇಕಾಗಿಲ್ಲ.

ಖರ್ಚು ಇರುವುದು ಆರ್‌ಸಿ ರಿನೀವಲ್‌ನಲ್ಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಒಂದು ಕಾಲದಲ್ಲಿ ಇದು 600 ರೂಪಾಯಿಯ ಕೆಲಸ. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಹೊರದೇಶದಿಂದ ತಂದ ಕಾರಾದರೆ 80,000. ಅವಧಿ ಮುಗಿದ ಮೇಲೆ ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ.

ಇನ್ನೊಂದು ದಾರಿ ವಿಂಟೇಜ್ ನೋಂದಣಿ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಇದಕ್ಕಾಗಿಯೇ ಬೇರೆ ನಿಯಮ ತಂದಿತು. ಮೊದಲ ನೋಂದಣಿಯ ದಿನದಿಂದ 50 ವರ್ಷ ದಾಟಿರಬೇಕು. ಗಮನಿಸಿ, ಕಾರು ತಯಾರಾದ ವರ್ಷ ಇಲ್ಲಿ ಲೆಕ್ಕಕ್ಕಿಲ್ಲ. ಚಾಸಿಸ್, ಬಾಡಿ, ಎಂಜಿನ್ ಮೂಲದಲ್ಲಿ ಇದ್ದ ಹಾಗೇ ಇರಬೇಕು. ನಮ್ಮೂರಲ್ಲಿ ಎಷ್ಟೋ ಅಂಬಾಸಿಡರ್, ಫಿಯೆಟ್‌ಗಳಿಗೆ ಪೆಟ್ರೋಲ್ ದುಬಾರಿ ಅಂತ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಅವೆಲ್ಲ ಇಲ್ಲಿಗೇ ಹೊರಗೆ. ಶುಲ್ಕ 20,000, ಹತ್ತು ವರ್ಷಕ್ಕೆ. ಮುಂದಿನ ಸಲ 5,000 ಸಾಕು. ಹೊಸದಾಗಿ ನೋಂದಣಿ ಆಗುವ ಕಾರಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಸೇರಿಸಿದ ನಂಬರ್ ಕೊಡುತ್ತಾರೆ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು.

ಈಗ ಲೆಕ್ಕ ಹಾಕಿ. ಹತ್ತು ವರ್ಷಕ್ಕೆ ಮಾಮೂಲಿ ರಿನೀವಲ್ ಎರಡು ಸಲ, 20,000. ವಿಂಟೇಜ್ ಒಂದೇ ಸಲ, ಅದೂ 20,000. ಮೊದಲ ಹತ್ತು ವರ್ಷ ಎರಡೂ ಸಮ. ವಿಂಟೇಜ್‌ನ ಲಾಭ ಕಾಣುವುದು ಆಮೇಲೆ. ಆದರೆ ಅದಕ್ಕೆ ಕಟ್ಟುಪಾಡು ಇದೆ. ರ‍್ಯಾಲಿ, ಪ್ರದರ್ಶನ, ಅಲ್ಲಿಗೆ ಹೋಗಿಬರುವುದು, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ಇಳಿಸಬಹುದು. ದಿನದ ಓಡಾಟಕ್ಕೂ ಬಾಡಿಗೆಗೂ ಅಲ್ಲ. ಮದುವೆ ದಿಬ್ಬಣಕ್ಕೆ ಬಾಡಿಗೆ ಕೊಡುವ ಆಸೆ ಇದ್ದವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಧರ್ಮಸ್ಥಳದ ಕಾರು ಸಂಗ್ರಹದಲ್ಲಿ ನಿಂತಿರುವಂಥ ಕಾರುಗಳಿಗೆ ವಿಂಟೇಜ್ ನಿಯಮ ಹೇಳಿ ಮಾಡಿಸಿದ್ದು. ನಮ್ಮ ಫಿಯೆಟ್ ಅಂಥದ್ದಲ್ಲ. ಅಮ್ಮನಿಗೆ ಅದರಲ್ಲಿ ಕಟೀಲಿಗೆ ಹೋಗಬೇಕು. ನನಗೆ ಭಾನುವಾರ ಮಲ್ಪೆಗೆ ಮೀನು ತರಲು ಹೋಗಬೇಕು. ಹಾಗಾಗಿ ಮಾಮೂಲಿ ರಿನೀವಲ್ಲೇ ಅಂತ ತೀರ್ಮಾನ ಮಾಡಿದೆ.

ಶುರು ಮಾಡಿದ ಮೇಲೆ ಗೊತ್ತಾಯಿತು, ಕಾರಿಗಿಂತ ಕಾಗದ ಹಳೇದು. ಆರ್‌ಸಿ ಪುಸ್ತಕ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಅಜ್ಜ ತೀರಿಹೋದ ಮೇಲೆ ಅಪ್ಪ ಹೆಸರು ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ಈಗ ಅಪ್ಪನೂ ಇಲ್ಲ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ ಫಾರಂ 31. ಅದರ ಜೊತೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರೆಲ್ಲ ತಮ್ಮ ಆಕ್ಷೇಪ ಇಲ್ಲ ಅಂತ ಬರೆದುಕೊಟ್ಟ ಅಫಿಡವಿಟ್ ಬೇಕು. ನಮ್ಮದು ಎರಡು ತಲೆಮಾರು ದಾಟಿದ್ದರಿಂದ ಎಲ್ಲವೂ ಎರಡೆರಡು. ಅಜ್ಜನ ಮಕ್ಕಳ ಸಾಲು ದೊಡ್ಡದು. ದೊಡ್ಡಪ್ಪ ಕುಂದಾಪುರದಲ್ಲಿ, ಒಬ್ಬರು ಅತ್ತೆ ಮುಂಬೈಯಲ್ಲಿ, ಇನ್ನೊಬ್ಬರು ಕಾರ್ಕಳದಲ್ಲಿ. ಮುಂಬೈ ಅತ್ತೆ ಫೋನಿನಲ್ಲೇ ಷರತ್ತು ಹಾಕಿದರು: "ಮಾರುವುದಿಲ್ಲ ಅಂತ ಹೇಳು, ಆಮೇಲೆ ಸೈನ್." ಅವರ ಮದುವೆಯ ದಿನ ಅವರನ್ನು ಹಾಲ್‌ನಿಂದ ಮನೆಗೆ ಕರೆತಂದದ್ದು ಇದೇ ಕಾರು. ಕಾನೂನಿಗೆ ಬೇಕಿಲ್ಲದ ಆ ಮಾತನ್ನು ಕೊಟ್ಟೆ. ನೋಟರಿ ಮಾಡಿಸಿದ ಅಫಿಡವಿಟ್ ಕೊರಿಯರ್‌ನಲ್ಲಿ ಬಂತು.

ಕಾರು ಮೊದಲು ನೋಂದಣಿಯಾದದ್ದು ಮಂಗಳೂರಿನಲ್ಲಿ, 'ಎಂವೈ'ಯಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್. ಆಗ ಉಡುಪಿ ಜಿಲ್ಲೆಯೇ ಇರಲಿಲ್ಲ, ಅದಾದದ್ದು 1997ರಲ್ಲಿ. ಇಷ್ಟು ಹಳೇ ಕಾರಿನ ಮಾಹಿತಿ ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ಇರುವುದಿಲ್ಲ. ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿದರೆ ಏನೂ ತೋರಿಸಲಿಲ್ಲ. ಗಾಬರಿ ಆಗಬೇಡಿ. ಮೂಲ ದಾಖಲೆ ಇರುವ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಿ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಅದು ಆರ್‌ಟಿಒದ ರಿಜಿಸ್ಟರ್‌ನಲ್ಲಿ ನಿಮ್ಮ ಕಾರಿನ ಬಗ್ಗೆ ಇರುವ ಪುಟದ ನಕಲು. ಅದರ ಆಧಾರದಲ್ಲಿ ಕಾರಿನ ವಿವರವನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಇದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಇದಾಗದೆ ಶುಲ್ಕ ಕಟ್ಟಲೂ ಆಗುವುದಿಲ್ಲ. ಎಂಟ್ರಿ ಮಾಡುವಾಗ ಪಕ್ಕದಲ್ಲೇ ನಿಂತು ಎಂಜಿನ್ ನಂಬರ್, ಚಾಸಿಸ್ ನಂಬರ್, ಮೊದಲ ನೋಂದಣಿಯ ದಿನಾಂಕ ಮೂರನ್ನೂ ಓದಿ ನೋಡಿ. ಒಂದು ಅಂಕಿ ಆಚೀಚೆ ಆದರೆ ಆಮೇಲೆ ತಿದ್ದಿಸುವುದು ಇನ್ನೊಂದು ಕಥೆ. ಮೊಬೈಲ್ ನಂಬರನ್ನೂ ಆಗಲೇ ಹಾಕಿಸಿ. ತೀರಿಹೋದವರ ಹೆಸರಿನ ಕಾರಿಗೆ ಒಟಿಪಿ ಯಾರಿಗೆ ಬರಬೇಕು?

ವಾರಸು ಬದಲಾವಣೆಯ ಅರ್ಜಿಯನ್ನೂ ರಿನೀವಲ್‌ನ ಫಾರಂ 25ನ್ನೂ ಮಣಿಪಾಲದ ಆರ್‌ಟಿಒದಲ್ಲಿ ಒಟ್ಟಿಗೇ ಕೊಟ್ಟೆ. ತಡದ ದಂಡ ಮೂಲ ಶುಲ್ಕದ ಎರಡು ಪಟ್ಟು ದಾಟಿತ್ತು. ಅಪ್ಪನ ಸೋಮಾರಿತನದ ಬಿಲ್ಲು ಅಂತ ಅಮ್ಮ ನಕ್ಕರು.

ಇನ್ನು ಕಾರಿನ ತಗಡಿನ ಮೇಲೆ ಪಂಚ್ ಹೊಡೆದಿರುವ ಚಾಸಿಸ್ ನಂಬರ್. ಕರಾವಳಿಯ ಕಾರುಗಳಿಗೆ ದೊಡ್ಡ ಗಂಡಾಂತರ ಇದೇ. ನಮ್ಮಲ್ಲಿ ಜೂನ್‌ನಿಂದ ಮಳೆ, ಉಳಿದ ತಿಂಗಳು ಸಮುದ್ರದ ಉಪ್ಪುಗಾಳಿ. ತಗಡು ಒಳಗಿಂದಲೇ ತಿಂದು ಹೋಗುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಿಟ್ಟರೆ ಇನ್ನೂ ಕೆಟ್ಟದು. ಬೆವರು ಒಳಗೇ ನಿಲ್ಲುತ್ತದೆ. ಬಾನೆಟ್ ಎತ್ತಿ ನೋಡಿದರೆ ನಂಬರ್ ಇದ್ದ ಜಾಗದಲ್ಲಿ ತುಕ್ಕು ಮತ್ತು ಯಾವುದೋ ಕಾಲದಲ್ಲಿ ಬಳಿದ ಪೇಂಟ್ ಮಾತ್ರ. ರಿನೀವಲ್‌ಗೆ ಕಾರು ತಪಾಸಣೆ ಮಾಡುವ ಆರ್‌ಟಿಒದ ಬ್ರೇಕ್ ಇನ್‌ಸ್ಪೆಕ್ಟರ್‌ಗೆ ಆ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು.

ಸಂತೆಕಟ್ಟೆಯಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಇಡೀ ಊರು ಅವರನ್ನು ಭಾವ ಅಂತಲೇ ಕರೆಯುತ್ತದೆ. "ಗ್ರೈಂಡರ್ ಹತ್ತಿರ ತರಬೇಡಿ, ನಂಬರೂ ಹಾರಿಹೋಗ್ತದೆ" ಅಂದರು. ಪೇಂಟ್ ರಿಮೂವರ್ ಹಚ್ಚಿ ಬಿಟ್ಟೆವು. ಆಮೇಲೆ ಸೀಮೆಎಣ್ಣೆ ಹಾಕಿ ಹಿತ್ತಾಳೆ ಬ್ರಷ್‌ನಲ್ಲಿ ಮೆಲ್ಲ ಮೆಲ್ಲ ಉಜ್ಜಿದೆವು. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ ಗುಳಿಯಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಅಂಕಿಗಳು ಒಂದೊಂದಾಗಿ ಎದ್ದು ಬಂದವು. ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಪ್ರಿಂಟ್ ರೆಡಿ. ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ. ನಂಬರ್ ಪೂರ್ತಿ ಅಳಿಸಿಹೋಗಿದ್ದರೆ ನೀವೇ ಪಂಚ್ ಹೊಡೆಸಲು ಹೋಗಬೇಡಿ. ಆರ್‌ಟಿಒಗೆ ಬರೆದುಕೊಟ್ಟು ಅನುಮತಿ ತೆಗೆದೇ ಮಾಡಿಸಬೇಕು. ಇಲ್ಲದಿದ್ದರೆ ಕದ್ದ ಕಾರು ಅಂತ ಅನುಮಾನ ಬರುತ್ತದೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದು ಹೆಸರಿಗೆ ತಕ್ಕ ಹಾಗೆ ಮೊದಲು ಬ್ರೇಕ್. ಈ ಫಿಯೆಟ್‌ಗೆ ನಾಲ್ಕೂ ಕಡೆ ಡ್ರಮ್. ನಿಂತೇ ಇದ್ದ ಕಾರಿನಲ್ಲಿ ವೀಲ್ ಸಿಲಿಂಡರ್‌ಗಳು ಹಿಡಿದುಕೊಂಡಿರುತ್ತವೆ. ಭಾವ ನಾಲ್ಕನ್ನೂ ಬಿಚ್ಚಿ ರಬ್ಬರ್ ಕಿಟ್ ಹಾಕಿದರು, ಹೋಸ್ ಪೈಪ್ ಹೊಸದು, ಮಾಸ್ಟರ್ ಸಿಲಿಂಡರ್ ರಿಪೇರಿ. ಪೆಟ್ರೋಲ್ ಪೈಪ್‌ಗಳನ್ನೂ ಬದಲಾಯಿಸಿದೆವು. ಈಗ ಬಂಕ್‌ನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ಈ ಒಂದು ಕೆಲಸವನ್ನು ಮುಂದಕ್ಕೆ ಹಾಕಬೇಡಿ, ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರುವುದು ತಮಾಷೆಯಲ್ಲ. ಹ್ಯಾಂಡ್ ಬ್ರೇಕ್, ವೈಪರ್, ಹಾರ್ನ್, ಇಂಡಿಕೇಟರ್, ಹೆಡ್‌ಲೈಟ್‌ನ ಡಿಮ್ಮು ಡಿಪ್ಪು ಎಲ್ಲ ಕೆಲಸ ಮಾಡಬೇಕು. ಪೇಂಟ್ ಹೊಳೆಯಬೇಕಾಗಿಲ್ಲ. ಕೆಲವರು ಪೇಂಟ್‌ಗೆ ದುಡ್ಡು ಸುರಿದು ಬ್ರೇಕ್‌ಗೆ ಕಂಜೂಸ್ ಮಾಡುತ್ತಾರೆ. ನನ್ನ ಪ್ರಕಾರ ಉಲ್ಟಾ ಆಗಬೇಕು.

ಹೊಗೆ ತಪಾಸಣೆಗೆ ಹೆದರಿದ್ದೆ, ಅದು ಸಲೀಸಾಗಿ ಆಯಿತು. ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ 3 ಶೇಕಡಾದವರೆಗೂ ಇರಬಹುದು. ಈಗಿನ ಕಾರುಗಳ ಬಿಗಿ ಇದಕ್ಕಿಲ್ಲ. ಕಾರ್ಬೊರೇಟರ್ ತೊಳೆದು, ಪ್ಲಗ್ ಬದಲಾಯಿಸಿ, ಎಂಜಿನ್ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂ ಹೊಂದಿಸಿದರೆ ಮುಗಿಯಿತು. ತಣ್ಣಗಿರುವಾಗ, ಚೋಕ್ ಎಳೆದಿರುವಾಗ ಪರೀಕ್ಷೆಗೆ ನಿಲ್ಲಿಸಬೇಡಿ.

ಇನ್ಶೂರೆನ್ಸ್ ಆನ್‌ಲೈನ್‌ನಲ್ಲಿ ಆಗಲಿಲ್ಲ. ಇಷ್ಟು ಹಳೇ ವರ್ಷ ಪಟ್ಟಿಯಲ್ಲೇ ಇರಲಿಲ್ಲ. ಸರ್ಕಾರಿ ವಿಮಾ ಕಂಪೆನಿಯ ಶಾಖೆಗೆ ಹೋಗಿ ಥರ್ಡ್ ಪಾರ್ಟಿ ಮಾಡಿಸಿದೆ. 1000ದಿಂದ 1500 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರ 3,416, ಮೇಲೆ ಜಿಎಸ್‌ಟಿ. ವಿಂಟೇಜ್ ಅಂತ ನೋಂದಣಿ ಆಗಿದ್ದರೆ ಇದರಲ್ಲಿ ಅರ್ಧ ರಿಯಾಯಿತಿ ಇದೆ. ವಿಂಟೇಜ್‌ನಲ್ಲಿ ಕೂಡಲೇ ಕೈಗೆ ಸಿಗುವ ಉಳಿತಾಯ ಅಂದರೆ ಇದೇ. ಕಾರಿನ ಬೆಲೆಗೂ ವಿಮೆ ಬೇಕೆಂದರೆ ಮೊದಲೇ ಕಂಪೆನಿಯ ಜೊತೆ ಕೂತು ಇಷ್ಟು ಅಂತ ಬೆಲೆ ಒಪ್ಪಂದ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಸವಕಳಿ ಲೆಕ್ಕದಲ್ಲಿ ಅದು ಗುಜರಿ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ಆರ್‌ಸಿ ಮುಗಿದ ಕಾರನ್ನು ತಪಾಸಣೆಗೆ ಓಡಿಸಿಕೊಂಡು ಹೋಗುವುದು ಬೇಡ. ನಾನು ಟೋಯಿಂಗ್ ಗಾಡಿಯ ಮೇಲೆ ಹತ್ತಿಸಿ ಮಣಿಪಾಲದ ಏರು ದಾಟಿಸಿದೆ. ಬಾಡಿಗೆ ಹೋಯಿತು, ಆದರೆ ದಾರಿಯಲ್ಲಿ ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ ಅನ್ನುವ ಚಿಂತೆ ಇರಲಿಲ್ಲ.

ಈಗ ನನ್ನ ತಂಗಿಯ ಗಂಡನಿಗೂ ಹುಚ್ಚು ಹಿಡಿದಿದೆ. ಕಾಸರಗೋಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಿಟ್ಟಿದ್ದಾನೆ. ಮಂಗಳೂರಿಗೆ ಅದು ಪಕ್ಕದ ಊರು, ಆದರೆ ಕಾಗದದಲ್ಲಿ ಬೇರೆ ರಾಜ್ಯ. ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್, ಅಂದರೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆಯ ವಿಷಯ ಬಗೆಹರಿಸಬೇಕು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಬೇಕೇ ಬೇಕು. ಅವನು ಅದನ್ನು ಓಡಿಸುವವನಲ್ಲ, ಶೆಡ್‌ನಲ್ಲಿ ನಿಲ್ಲಿಸಿ ಒರೆಸುವವನು. ಅವನಿಗೆ ವಿಂಟೇಜ್ ದಾರಿಯೇ ಸರಿ ಅಂತ ಹೇಳಿದ್ದೇನೆ. ಅಡ್ವಾನ್ಸ್ ಕೊಡುವ ಮೊದಲು ಬಾನೆಟ್ ಎತ್ತಿಸಿ ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡು ಅಂತಲೂ ಹೇಳಿದ್ದೇನೆ. ಮುಂದಿನ ಭಾನುವಾರ ಭಾವನನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.