ಗೂಡುದೀಪದ ಪ್ರತಿ ಮೂಲೇಲೂ 30 ಡಿಗ್ರಿ

ದೀಪಾವಳಿಗೆ ಗೂಡುದೀಪ ಮನೇಲೇ ಮಾಡೋಣ ಅಂತ ನಾನೂ ಮಗಳೂ ಕೂತ್ವಿ. ಬಿದಿರು ಕಡ್ಡಿ ಬದಲು ದಪ್ಪ ಡ್ರಾಯಿಂಗ್ ಶೀಟು, ಅದರಲ್ಲಿ 18 ಚೌಕ, 8 ಸಮಬಾಹು ತ್ರಿಕೋನ, ಎಲ್ಲದರ ಬಾಹುವೂ 8 ಸೆಂಟಿಮೀಟರ್. ಪ್ರತಿ ಮೂಲೇಲೂ ಮೂರು ಚೌಕ, ಒಂದು ತ್ರಿಕೋನ ಸೇರಬೇಕು. ಅವಳು ಅಂಟಿಸ್ತಾ ಅಂಟಿಸ್ತಾ ಒಂದು ಕಡೆ ತ್ರಿಕೋನದ ಜಾಗಕ್ಕೆ ನಾಲ್ಕನೇ ಚೌಕ ಇಟ್ಟುಬಿಟ್ಲು. ಆ ಭಾಗ ಮೇಲಕ್ಕೆ ಏಳಲೇ ಇಲ್ಲ, ನೆಲಕ್ಕೆ ಹಾಸಿದ ಟೈಲ್ಸ್ ಥರ ಚಪ್ಪಟೆ ಮಲಗಿಬಿಡ್ತು.

"ಅಪ್ಪಾ, ಇಲ್ಲಿ ಯಾಕೆ ಮೂಲೇನೇ ಬರ್ತಿಲ್ಲ?"

ನಾಲ್ಕು ಚೌಕ ಅಂದ್ರೆ 360 ಡಿಗ್ರಿ ಪೂರ್ತಿ ತುಂಬಿಹೋಯ್ತು, ಇನ್ನು ಉಬ್ಬೋಕೆ ಕಾರಣವೇ ಇಲ್ಲ. ಆ ಚೌಕ ಕಿತ್ತು ತ್ರಿಕೋನ ಹಾಕಿದ್ರೆ 90+90+90+60, ಒಟ್ಟು 330. ಕೊರತೆ 30. ಅಂಚು ಸೇರಿಸೋಕೆ ಎಳೆದಾಗ ಆ 30 ಡಿಗ್ರಿ ಸಂದು ಮುಚ್ಚಬೇಕಲ್ಲ, ಆವಾಗ್ಲೇ ಶೀಟು ಬೇರೆ ದಾರಿ ಇಲ್ಲದೆ ಮೇಲೆದ್ದು ಮೊನೆ ಆಗೋದು. ವಕ್ರತೆ, ಅಂದ್ರೆ ಮೇಲ್ಮೈ ಬಾಗೋದು, ಅನ್ನೋ ಪದ ನಾನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಆದ್ರೆ ಅದು ಬೆರಳ ತುದೀಲಿ ಎಳೆತವಾಗಿ ಸಿಕ್ಕಿದ್ದು ಅವತ್ತೇ.

ಮೂಲೆ ಒಟ್ಟು 24, ತಲಾ 30, ಅಂದ್ರೆ 720. ಮಗಳು ಬಿಡಲಿಲ್ಲ, ಪಗಡೆ ದಾಳ ತಂದ್ಲು: 8 ಮೂಲೆ, ತಲಾ 90, ಮತ್ತೆ 720. ನಾಲ್ಕು ತ್ರಿಕೋನದ ಪಿರಮಿಡ್ಡಿಗೆ 4 ಮೂಲೆ, ತಲಾ 180. ಕರಿ ಐದುಮೂಲೆ, ಬಿಳಿ ಆರುಮೂಲೆ ತುಂಡಿನ ಫುಟ್‌ಬಾಲನ್ನ ಚಪ್ಪಟೆ ತುಂಡಿನದು ಅಂದ್ಕೊಂಡ್ರೆ 60 ಮೂಲೆ, ತಲಾ ಬರೀ 12 ಡಿಗ್ರಿ, ಅದಕ್ಕೇ ಅದು ಅಷ್ಟು ದುಂಡಗೆ ಕಾಣೋದು. ತೂತಿಲ್ಲದ ಇಂಥ ಆಕಾರದಲ್ಲಿ ಕೊರತೇನ ಎಷ್ಟು ಮೂಲೆಗೆ ಬೇಕಾದ್ರೂ ಹಂಚಿ, ಆದ್ರೆ ಒಟ್ಟು ಮೊತ್ತ ಒಂದು ಡಿಗ್ರೀನೂ ಕಮ್ಮಿ ಮಾಡೋಕಾಗಲ್ಲ.

ಇದನ್ನ ಮೊದಲು ಕಂಡವನು ಫ್ರಾನ್ಸಿನ ತತ್ವಜ್ಞಾನಿ, ಗಣಿತಜ್ಞ ಡೆಕಾರ್ಟ್, 17ನೇ ಶತಮಾನದಲ್ಲಿ. ಅವನು 1650ರಲ್ಲಿ ಸ್ಟಾಕ್‌ಹೋಮಲ್ಲಿ ತೀರಿಕೊಂಡ ಮೇಲೆ ಕಾಗದಪತ್ರ ಪ್ಯಾರಿಸ್‌ಗೆ ಬರ್ತಾ ಸೇನ್ ನದೀಲಿ ಮುಳುಗಿ, ಎತ್ತಿ, ಹಾಳೆ ಹಾಳೆ ಬಿಡಿಸಿ ಒಣಗಿಸಿದ್ರಂತೆ. 1676ರಲ್ಲಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ಪ್ಯಾರಿಸಲ್ಲಿ ನಕಲು ಮಾಡಿಕೊಂಡಿದ್ದಕ್ಕೆ ಈ ಬರಹ ನಮಗೆ ಉಳೀತು, ಮೂಲಪ್ರತಿ ಹೋಯ್ತು. ನೆನೆಸಿಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಯಾಕೆ 720 ಅಂತ ಶೀಟಿನ ಹಿಂದೇನೇ ಬರೆದು ನೋಡಿದ್ವಿ. n ಬಾಹು ಇರೋ ಮುಖದ ಕೋನಗಳ ಮೊತ್ತ (n-2)×180, ಎಲ್ಲಾ ಮುಖಾನೂ ಕೂಡಿದ್ರೆ ಪ್ರತಿ ಅಂಚೂ ಎರಡು ಸಲ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಒಟ್ಟು ಕೊರತೆ 360×(ಮೂಲೆ - ಅಂಚು + ಮುಖ). ನಮ್ಮ ದೀಪಕ್ಕೆ 24-48+26, ಅಂದ್ರೆ 2. ತೂತಿಲ್ಲದ ಇಂಥ ಆಕಾರಕ್ಕೆ ಈ ಲೆಕ್ಕ ಯಾವಾಗ್ಲೂ 2 ಅನ್ನೋ, ಶಾಲೇಲಿ ಕಲಿತ ಆಯ್ಲರ್ ಸೂತ್ರಾನೇ ಇದು!

ಆಮೇಲೆ ಚಪ್ಪಲಿ ಡಬ್ಬ ತಗೊಂಡು ಮೇಲಿಂದ ಕೆಳಗಿನವರೆಗೆ ಚೌಕದ ತೂತು ಕೊರೆದು, ಒಳಗೆ ನಾಲ್ಕು ಗೋಡೆ ಅಂಟಿಸಿದ್ವಿ. ತೂತಿನ ಮೂಲೇಲಿ ಮೇಲ್ಮೈದು 270, ಎರಡು ಗೋಡೇದು 90+90, ಒಟ್ಟು 450. ಇಲ್ಲಿ ಕೊರತೆ ಅಲ್ಲ, 90 ಡಿಗ್ರಿ ಹೆಚ್ಚೇ ಇದೆ! ಅಂಥವು ಎಂಟು, ಹೊರಗಿನ ಎಂಟು ಮೂಲೆಯ 720ನ್ನ ಪೂರ್ತಿ ನುಂಗಿ ಸೊನ್ನೆ ಮಾಡಿಬಿಡ್ತವೆ. ಅಂದ್ರೆ ಆ ಮೊತ್ತಕ್ಕೆ ಡಬ್ಬದ ಉದ್ದ ಅಗಲ ಬೇಕಾಗಿಲ್ಲ, ಎಷ್ಟು ತೂತು ಅನ್ನೋದೊಂದೇ ಸಾಕು.

"ಎರಡು ತೂತು ಆದ್ರೆ?" ಅಂದ್ಲು. ಪಕ್ಕದಲ್ಲೇ ಇನ್ನೊಂದು ಕೊರೆದ್ವಿ, ಅವಳೇ ಎಣಿಸಿ ಡಬ್ಬದ ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಬರೆದ್ಲು: -720.