ರೆಕಾರ್ಡ್‌ಗಳ ರಾಶಿ ಕರಗಿಸಲು: ಎಲ್ಲವನ್ನೂ ತಲೆಕೆಳಗಾಗಿ ಇಡಿ
ವಿನೈಲ್ ರೆಕಾರ್ಡ್‌ಗಳು ಕಪಾಟು ಮೀರಿ ಬೆಳೆದಿದ್ದರೆ ಒಮ್ಮೆ ಎಲ್ಲ ಜಾಕೆಟ್‌ಗಳನ್ನೂ (ರೆಕಾರ್ಡಿನ ರಟ್ಟಿನ ಹೊದಿಕೆ) ತಲೆಕೆಳಗಾಗಿ ನಿಲ್ಲಿಸಿ. ಬೆನ್ನಿನ ಮೇಲಿನ ಹೆಸರು ಮಾತ್ರ ಹೊರಗೆ ಕಾಣುತ್ತಿರಲಿ. ಕೇಳಿದ ರೆಕಾರ್ಡನ್ನು ಮತ್ತೆ ಸೇರಿಸುವಾಗ ನೆಟ್ಟಗೆ ಇಡಿ. ವರ್ಷ ಕಳೆದ ಮೇಲೂ ತಲೆಕೆಳಗಾಗಿಯೇ ಉಳಿದವು ಮೊದಲು ಹೊರಹೋಗಬೇಕಾದವು. ಯಾವುದನ್ನು ಹಿಡಿದು ‘ಇಡಲೇ, ಕೊಡಲೇ’ ಎಂದು ಕೇಳಿಕೊಂಡರೂ ಮನಸ್ಸು ‘ಇದು ಇರಲಿ’ ಎಂದೇ ಹೇಳುತ್ತದೆ. ಆದರೆ ಇಲ್ಲಿ ದಾಖಲಾಗುವುದು ಕೈ ಯಾವುದರತ್ತ ಹೋಯಿತು ಎಂಬುದಷ್ಟೇ. ಅಕಾರಾದಿ ಜೋಡಣೆಯೂ ಕೆಡುವುದಿಲ್ಲ. ಒಂದು ಎಚ್ಚರ ಬೇಕು: ಧೂಳು ಹೋಗದಿರಲೆಂದು ಒಳಗಿನ ಕಾಗದದ ಚೀಲದ ಬಾಯನ್ನು ಮೇಲಕ್ಕೆ ಇಡುವವರಾದರೆ, ಜಾಕೆಟ್ ತಿರುಗಿಸಿದಾಗ ಆ ಬಾಯಿ ಕೆಳಗಾಗುತ್ತದೆ. ರೆಕಾರ್ಡ್ ಚೀಲದಿಂದ ಜಾರಿ ಜಾಕೆಟ್‌ನ ಅಂಟಿಸಿದ ಅಂಚಿನ ಮೇಲೆ ನೇರವಾಗಿ ಕೂರುತ್ತದೆ. 180 ಗ್ರಾಂ ತೂಕದ ದಪ್ಪ ಪ್ರತಿಯಾದರೆ ಹಳೆಯ ಅಂಚು ಸೀಳಿಯೇ ಬಿಡಬಹುದು. ಆದ್ದರಿಂದ ಚೀಲವನ್ನೂ ತಿರುಗಿಸಿಡಿ. ಬೆನ್ನೇ ಇಲ್ಲದ ತೆಳು ಕವರಿನ 7 ಇಂಚಿನ ರೆಕಾರ್ಡ್‌ಗಳಲ್ಲಿ ಈ ಉಪಾಯ ನಡೆಯದು. ಹಿರಿಯರಿಂದ ಬಂದವು, ಕಲಾವಿದರ ಸಹಿ ಇರುವವು, ಬೇರೆ ಯಾವ ರೂಪದಲ್ಲೂ ಸಿಗದ ಧ್ವನಿಮುದ್ರಣಗಳು ಇದ್ದರೆ ಮೊದಲೇ ಬೇರೆ ಖಾನೆಗೆ ಸೇರಿಸಿ. ಅವನ್ನು ಎಷ್ಟು ಸಲ ಕೇಳಿದೆವು ಎಂದು ಅಳೆಯುವುದು ಅನ್ಯಾಯ. ಯಾವುದನ್ನೇ ಕೊಡುವ ಮುನ್ನ ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಕೆತ್ತಿರುವ, ಅದು ಯಾವ ಮುದ್ರಣವೆಂದು ಗುರುತಿಸಲು ನೆರವಾಗುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ. ಒಂದೇ ಬಗೆಯ ಜಾಕೆಟ್‌ನೊಳಗೆ ಮೊದಲ ಮುದ್ರಣವೂ ಇರಬಹುದು, ಎಷ್ಟೋ ವರ್ಷಗಳ ನಂತರದ ಮರುಮುದ್ರಣವೂ ಇರಬಹುದು.